ಹತ್ತು ನಿಮಿಷದ ಗಾಳಿ

ಕೆಮ್ಮು ಅಳಿಯನದು, ಲೆಕ್ಕ ಮಗಳದು, ಆಪಾದನೆ ಮಾತ್ರ ಮಾವನ ಕೋಣೆಯ ಮೇಲೆ.

ಮಗಳು ಔಷಧದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ದಿನವಿಡೀ ಬಂದವರ ಕೆಮ್ಮು ಕೇಳಿ ಕೇಳಿ, ಇದು ಒಣಗಿದ್ದು, ಇದು ಕಫದ್ದು, ಇದು ಬರೀ ರಜೆ ಚೀಟಿಗಾಗಿ ಹೊರಟದ್ದು ಎಂದು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲವಳು. ಅಂಥ ಕಿವಿಗೂ ಸ್ವಂತ ಗಂಡನ ಕೆಮ್ಮಿನ ಜಾತಕ ಸಿಕ್ಕಿರಲಿಲ್ಲ. ಅಂಗಡಿಯ ಮೂರು ಬಣ್ಣದ ಔಷಧಿಗಳೂ ಸೋತ ಮೇಲೆ ಅವಳು ಪೆನ್ಸಿಲು ಹಿಡಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಕೆಳಗೂ ಎರಡು ಅಂಕಿ ಬೀಳತೊಡಗಿದವು: ಬೆಳಿಗ್ಗೆ ಹದಿನೇಳು, ಸಂಜೆ ಇಪ್ಪತ್ತಾರು. ಅವಳು ಪೆನ್ಸಿಲು ಎತ್ತಿಕೊಂಡದ್ದು ಕಂಡರೆ ಗಂಡನಿಗೆ ಇನ್ನೂ ಎರಡು ಹೆಚ್ಚಾಗುತ್ತಿದ್ದವು. ಅವನ್ನೂ ಆಕೆ ಬಿಡದೆ ಬರೆದುಕೊಳ್ಳುತ್ತಿದ್ದಳು.

ಡಾಕ್ಟರರನ್ನು ಕೇಳಿದ್ದಾಯಿತು. ಅವರು ಎದೆಗೆ ಕೊಳವೆ ಇಟ್ಟು, ಬೆನ್ನು ತಟ್ಟಿ, ಫೋಟೋ ತೆಗೆಸಿ, ಕೊನೆಗೆ, "ಬೂಷ್ಟಿಂದ ಆಗಿರಬಹುದು, ಧೂಳಿಂದ ಆಗಿರಬಹುದು, ಹುಳಿತೇಗಿಂದಲೂ ಆಗಿರಬಹುದು" ಅಂದರು.

"ನಮ್ಮಂಗಡೀಲಿ ಎಲ್ಲಾದಕ್ಕೂ ಮಾತ್ರೆ ಇದೆ. 'ಬಹುದು' ಅನ್ನೋದಕ್ಕೆ ಮಾತ್ರ ಇಲ್ಲ" ಎಂದು ಗೊಣಗುತ್ತ ಮಗಳು ಮನೆಗೆ ಬಂದಳು. ಆ ಮೂರರಲ್ಲಿ ಅವಳು ಬೂಷ್ಟನ್ನು ಆರಿಸಿಕೊಂಡದ್ದಕ್ಕೆ ಕಾರಣ ಹಿಂದಿನ ಕೋಣೆ.

ಹಿಂದಿನ ಕೋಣೆ ಅವಳ ಅಪ್ಪನದು. ಬೀದಿಗೆಲ್ಲ ಅವರು ಬೈಂಡರ್ ಮಾವ. ಹರಿದ, ನೆನೆದ, ಇಲಿ ರುಚಿ ನೋಡಿ ಬಿಟ್ಟ ಪುಸ್ತಕಗಳೆಲ್ಲ ಊರಿನ ಲೈಬ್ರರಿಗಳಿಂದ ಆ ಕೋಣೆಗೆ ಬಂದು, ಹೊಸ ಹೊಲಿಗೆ, ಹೊಸ ರಟ್ಟು, ಹೊಸ ಬೆನ್ನು ಪಡೆದು ಮದುಮಕ್ಕಳ ಹಾಗೆ ವಾಪಸು ಹೋಗುತ್ತಿದ್ದವು. ಮೂಲೆಯಲ್ಲಿ ಎರಡಾಳು ಹಿಡಿದರೂ ಅಲುಗದ ಕಬ್ಬಿಣದ ಪ್ರೆಸ್ಸು. ಕಿಟಕಿಯ ಪಕ್ಕದಲ್ಲಿ ಸವೆದ ಒಂದು ಕುರ್ಚಿ. ಮೇಜಿನ ಕೆಳಗೆ ಮುಚ್ಚಳವಿಲ್ಲದ ಹಿಟ್ಟಿನ ಡಬ್ಬಿ, ಪಕ್ಕದಲ್ಲಿ ಆ ಹಿಟ್ಟಿನ ಅಂಟಿನ ಮಡಕೆ, ವಾರಕ್ಕೊಮ್ಮೆ ಕಾಯಿಸಿ ತುಂಬಿಡುವುದು. ಬೂಷ್ಟು ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದರಿಂದ ತಿಳಿನೀಲಿ ಬಣ್ಣ.

"ಅಪ್ಪ, ನಿನ್ನ ಕೋಣೆ ಬಾಗಿಲು ತೆಗೆದ್ರೆ ಸಾಕು, ಹಳೇ ಚಾಪೆ ನೆನೆಹಾಕಿದ ವಾಸನೆ. ಅಷ್ಟೂ ಬೂಷ್ಟು."

"ಬೂಷ್ಟಲ್ಲ ಕಣೇ, ಅದು ವಿದ್ಯೆ ವಾಸನೆ."

"ಆ ವಿದ್ಯೆ ಇವರ ಗಂಟಲಲ್ಲಿ ಕೂತಿದೆ."

"ನಲವತ್ತು ವರ್ಷದಿಂದ ಅದೇ ಗಾಳಿ ಕುಡೀತಿದೀನಿ. ನಾನು ಒಂದು ದಿನ ಕೆಮ್ಮಿದ್ದು ಕೇಳಿದೀಯಾ?"

"ಮೀನಿಗೆ ನೆಗಡಿ ಆಗಲ್ಲ ಅಂತ ನಾವೂ ಹೋಗಿ ಬಾವೀಲಿ ಮಲಗೋಕಾಗುತ್ತಾ?"

ಬೈಂಡರ್ ಮಾವ ಬೆಂಬಲ ಹುಡುಕುತ್ತ ಕೆಮ್ಮುವವನ ಮುಖ ನೋಡಿದರು. ಆತ ನೀರಿನ ಮೀಟರ್ ಓದುವ ಕೆಲಸದವನು. ಬೆಳಗಿನಿಂದ ಸಂಜೆಯವರೆಗೆ ಬೀದಿ ಸುತ್ತಿ, ಗುಂಡಿಗಳ ಮುಚ್ಚಳ ತೆಗೆದು, ಅಂಕಿ ಬರೆದುಕೊಂಡು ಬರುವವನು. ಸಾಧು ಪ್ರಾಣಿ. ಹೆಂಡತಿ ಮತ್ತು ಮಾವನ ನಡುವೆ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಸರಿಯಾಗಿ ಆಗಲೇ ಕೆಮ್ಮು ಬಂದು, ಅಭಿಪ್ರಾಯ ಹೇಳುವ ಕಷ್ಟ ತಪ್ಪಿಹೋಗುತ್ತಿತ್ತು.

"ಜಗಳ ಯಾಕೆ? ಅಳೆಸೋಣ. ಗಾಳಿ ಅಳೆಯೋರು ಇದಾರಂತೆ" ಅಂದಳು ಮಗಳು. "ನಿನ್ನ ಕೋಣೆದೇ ತಪ್ಪು ಅಂತ ಬಂದ್ರೆ ಪ್ರೆಸ್ಸು ಗುಜರಿಗೆ, ಕೋಣೆಗೆ ಬೀಗ. ಇಲ್ಲ ಅಂತ ಬಂದ್ರೆ ನಾನು ಇನ್ನು ಬಾಯಿ ತೆಗೆಯಲ್ಲ. ಒಪ್ಪಿಗೆನಾ?"

"ಒಪ್ಪಿಗೆ" ಅಂದರು ಮಾವ. ಬೆಳಗಾದರೆ ಎದ್ದು ಹದಿನಾಲ್ಕು ಹೆಜ್ಜೆ ನಡೆದು ಆ ಕೋಣೆಗೆ ಹೋಗುವುದು ಅವರ ಪಾಲಿಗೆ ಲೋಕಸಂಚಾರ. ಕೋಣೆಗೆ ಬೀಗ ಬಿದ್ದರೆ ಎದ್ದಾದರೂ ಎಲ್ಲಿಗೆ ಹೋಗುವುದು? ಕೈ ನಡುಗುವ ವಯಸ್ಸು ಅವರದು. ಸೂಜಿ ಹಿಡಿದಾಗ ಮಾತ್ರ ಆ ನಡುಕ ಎಲ್ಲೋ ಹೋಗಿ ಕೂತುಬಿಡುತ್ತಿತ್ತು.

ಅಳೆಯುವವಳು ಬರುತ್ತಾಳೆಂದು ಗೊತ್ತಾದ ಮೇಲೆ ಬೈಂಡರ್ ಮಾವ ಮೂರು ದಿನ ಕೆಲಸ ನಿಲ್ಲಿಸಿದರು. ಗೋಡೆ ಉಜ್ಜಿದರು, ಕಪಾಟು ಒರೆಸಿದರು, ಮಡಕೆಯನ್ನು ಬಿಸಿಲಿಗಿಟ್ಟರು, ಎಂದೂ ತೆರೆಯದ ಕಿಟಕಿಯನ್ನು ಸುತ್ತಿಗೆಯಿಂದ ಒಲಿಸಿ ತೆರೆದರು. ನಾಲ್ಕನೆಯ ದಿನ ಬಂದ ಹೆಂಗಸು ಒಂದು ಮುಕ್ಕಾಲಿಯನ್ನೂ ಪೆಟ್ಟಿಗೆಯನ್ನೂ ಹೊತ್ತಿದ್ದಳು. ಪೆಟ್ಟಿಗೆಯೊಳಗೆ ಒಂದು ಪಂಪು, ಪಂಪಿನೊಳಗೆ ಅಂಗೈಯಗಲದ ಗಾಜಿನ ತಟ್ಟೆ, ತಟ್ಟೆಯಲ್ಲಿ ಗಟ್ಟಿ ಗಂಜಿಯಂಥದ್ದು. ಪಂಪು ಗಾಳಿ ಎಳೆಯುತ್ತದೆ, ಗಾಳಿಯಲ್ಲಿದ್ದ ಬೂಷ್ಟಿನ ಬೀಜ ಗಂಜಿಗೆ ಅಂಟುತ್ತದೆ, ವಾರ ಬಿಟ್ಟು ಮೊಳೆತದ್ದನ್ನು ಎಣಿಸುವುದು. ಮೊದಲು ಬೀದಿಯಲ್ಲಿ ಹತ್ತು ನಿಮಿಷ, ಆಮೇಲೆ ಕೋಣೆಯಲ್ಲಿ ಹತ್ತು ನಿಮಿಷ. ಮನೆಯವರು ಅವಳಿಗೆ ಅಂದೇ ಗಾಳಿ ಮೇಡಂ ಎಂದು ಹೆಸರಿಟ್ಟರು.

ವಾರದ ಮೇಲೆ ಫಲಿತಾಂಶ ಬಂತು. ಬೀದಿಗಿಂತ ಕೋಣೆಯಲ್ಲೇ ಬೂಷ್ಟು ಕಡಿಮೆ!

"ಕೇಳಿಸ್ಕೊಂಡ್ಯಾ?" ಮಾವ ಮೀಸೆ ತಿರುವಿದರು. "ಅಳಿಯಂದ್ರನ್ನ ಇನ್ನು ಬೀದೀಗೆ ಕಳಿಸಬೇಡ. ನನ್ನ ಕೋಣೇಲೇ ಕೂರಿಸು."

ಗಾಳಿ ಮೇಡಂ ಕನ್ನಡಕದ ಮೇಲಿಂದ ನೋಡಿದಳು. "ಯಜಮಾನ್ರೆ, ನಾನು ಬರೋ ಮುಂಚೆ ಕೋಣೆ ತೊಳೆದ್ರಾ?"

"ಇದೇನು ಕೇಳ್ತೀರಮ್ಮ? ಮನೆಗೆ ಒಂದು ಹೆಣ್ಣುಮಗಳು ಬರ್ತಾಳೆ ಅಂದ್ರೆ ಗಲೀಜಲ್ಲಿ ಕೂರಿಸೋಕಾಗುತ್ತಾ?"

"ಪರೀಕ್ಷೆಗೆ ಕೊಡೋ ಮುಂಚೆ ರಕ್ತಾನ ಸೋಸಿ ಕೊಟ್ಟ ಹಾಗಾಯ್ತು. ನಾನು ಅಳೆದಿದ್ದು ಹತ್ತು ನಿಮಿಷದ ಗಾಳಿ. ಅದೂ ನೀವು ಸ್ನಾನ ಮಾಡಿಸಿ, ಪೌಡರ್ ಹಾಕಿ ನಿಲ್ಲಿಸಿದ ಗಾಳಿ."

ಆದ್ದರಿಂದ ಎರಡನೆಯ ಸಲ ಹೇಳದೆ ಬರುವುದೆಂದಾಯಿತು. ಹೇಳದೆ ಬಂದದ್ದೇನೋ ನಿಜ, ಮಾವನಿಗೆ ಮಾತ್ರ. ಮಗಳಿಗೆ ಫೋನಿನಲ್ಲಿ ತಿಳಿದಿತ್ತು. ಬಾಗಿಲು ತೆಗೆಯುವವರು ಒಬ್ಬರು ಬೇಕಲ್ಲ. ಅಂದು ಬೆಳಿಗ್ಗೆ ಮಾವ ಸ್ನಾನಕ್ಕೆ ಹೋದದ್ದೇ ತಡ, ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಂದಿನ ಕೋಣೆಗೆ ನುಗ್ಗಿ, ಮೂಲೆಯಲ್ಲಿ ಪೇರಿಸಿಟ್ಟ ಅತಿ ಹಳೆಯ ಸಂಪುಟಗಳಿಗೆ ಪೊರಕೆಯಿಂದ ನಾಲ್ಕು ಬಾರಿಸಿ, ಏನೂ ಆಗದವಳಂತೆ ಹೊರಬಂದು ಗಾಳಿ ಮೇಡಂಗೆ ಟೀ ಕೊಟ್ಟಳು.

ವಾರದ ಮೇಲೆ ಬಂದ ಈ ಸಲದ ತಟ್ಟೆಯನ್ನು ಬೈಂಡರ್ ಮಾವ ಬೆಳಕಿಗೆ ಹಿಡಿದು ನೋಡಿದರು. ಗಂಜಿಯ ಮೇಲೆ ಹಸಿರು, ಕಪ್ಪು, ಬೂದು ಹುಲ್ಲುಗಾವಲು. ಎರಡು ಕುರಿ ಬಿಟ್ಟಿದ್ದರೆ ಮೇಯಬಹುದಿತ್ತು. ಅವರು ಸುಮ್ಮನೆ ಕೋಣೆಗೆ ಹೋಗಿ ಪ್ರೆಸ್ಸಿನ ತಿರುಪಿಗೆ ಎಣ್ಣೆ ಬಿಟ್ಟರು, ಗುಜರಿಗೆ ಹೋಗುವಾಗಲಾದರೂ ಕಿರುಗುಟ್ಟದಿರಲಿ ಎಂದು. ಆಮೇಲೆ ನೆಲ ಗುಡಿಸಲು ಪೊರಕೆ ಎತ್ತಿಕೊಂಡವರು ಹಾಗೇ ನಿಂತರು. ಪೊರಕೆಯ ಕಡ್ಡಿಗಳ ನಡುವೆ ಹಳೆಯ ಬೈಂಡಿಂಗಿನ ದಾರವೂ, ಕೆಂಪು ರಟ್ಟಿನ ಒಂದು ಚೂರೂ ಸಿಕ್ಕಿಕೊಂಡಿದ್ದವು.

"ಏನೇ ಇದು?" ಎಂದು ಅವರು ಪೊರಕೆಯನ್ನು ಕತ್ತಿಯಂತೆ ಹಿಡಿದು ಹಜಾರಕ್ಕೆ ಬಂದರು. "ಪುಸ್ತಕಕ್ಕೆ ಹೊಡೆದಿದೀಯ!"

"ಧೂಳು ಕೊಡವಿದೆ. ನೀನು ಮೂರು ದಿನ ಒರೆಸಿದ್ಯಲ್ಲ, ನಾನು ಮೂರು ನಿಮಿಷ ಕೊಡವಿದ್ರೆ ತಪ್ಪಾ?"

"ಮೂರು ದಿನ ಒರೆಸಿದ್ದು ಮರ್ಯಾದೆಗೆ. ಇದು ಸಂಚು!"

ಅಳಿಯ ಎಂದಿನಂತೆ ಕೆಮ್ಮಿದ. ಮಗಳ ಕೈ ತಾನಾಗಿ ಪೆನ್ಸಿಲಿನ ಕಡೆ ಹೋಯಿತು.

"ಎರಡೂ ಅಳತೆ ನಿಜವೇ" ಅಂದಳು ಗಾಳಿ ಮೇಡಂ, "ಅದೇ ಕಷ್ಟ. ಬೂಷ್ಟು ಗಂಟೆಗೊಂದು ಥರ ಇರುತ್ತೆ. ಒಬ್ಬರು ನಡೆದಾಡಿದ್ರೆ ಜಾಸ್ತಿ, ಕಿಟಕಿ ತೆಗೆದ್ರೆ ಕಮ್ಮಿ."

"ಹೋಗಲಿ, ಎಷ್ಟು ಇದ್ರೆ ಕಾಯಿಲೆ? ಅದನ್ನಾದ್ರೂ ಹೇಳಿ."

"ಇಷ್ಟರ ಮೇಲೆ ಕಾಯಿಲೆ, ಇಷ್ಟರ ಕೆಳಗೆ ಆರೋಗ್ಯ ಅಂತ ಎಲ್ಲರೂ ಒಪ್ಪೋ ಗೆರೆ ಯಾರೂ ಎಳೆದಿಲ್ಲ ಯಜಮಾನ್ರೆ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತೆ."

ಮಾವ ದಂಗಾದರು. ಅಡಿಪಟ್ಟಿಯಿಲ್ಲದೆ ರಟ್ಟು ಕತ್ತರಿಸುವವರನ್ನು ಅವರು ಕಂಡಿದ್ದರು, ಅಂಥವರ ಪುಸ್ತಕ ಸೊಟ್ಟಗೆ ನಿಲ್ಲುವುದನ್ನೂ ಕಂಡಿದ್ದರು. ಆದರೆ ಅಡಿಪಟ್ಟಿಯನ್ನೇ ಯಾರೂ ಇನ್ನೂ ಮಾಡಿಲ್ಲವೆಂದು ಇಷ್ಟು ನೆಮ್ಮದಿಯಿಂದ ಹೇಳುವವಳನ್ನು ನೋಡಿದ್ದು ಅದೇ ಮೊದಲು.

"ಒಂದು ಕೆಲಸ ಮಾಡೋಣ" ಅಂದಳು ಅವಳು. "ಕೋಣೆ ಅಳೆದದ್ದು ಸಾಕು. ಕೋಣೆ ಏನೂ ಕೆಮ್ಮೋದಿಲ್ಲವಲ್ಲ. ಕೆಮ್ಮೋರನ್ನೇ ಅಳೆಯೋಣ."

ಮರುದಿನ ಬೆಳಿಗ್ಗೆ ಅಳಿಯನ ಸೊಂಟಕ್ಕೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿದರು. ಪೆಟ್ಟಿಗೆಯಿಂದ ಒಂದು ಕೊಳವೆ ಹೊರಟು ಬೆನ್ನು ಬಳಸಿ ಕಾಲರಿಗೆ ಬಂದು, ಮೂಗಿನ ಕೆಳಗೆ ಬಾಯಿ ತೆರೆದುಕೊಂಡಿತು. ಅವನು ಉಸಿರಾಡುವ ಗಾಳಿಯನ್ನೇ ಅದೂ ಉಸಿರಾಡುತ್ತ ದಿನವಿಡೀ ಗುಂಯ್ ಅನ್ನುತ್ತದೆ. ಜೊತೆಗೆ ಒಂದು ಹಾಳೆ: ಎಷ್ಟು ಹೊತ್ತಿಗೆ ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಗಂಟೆಗಂಟೆಗೂ ಬರೆಯಬೇಕು.

ಇಲ್ಲಿ ಅಳಿಯ ಅವನ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು ಮಾಡಿದ. ಮೀಟರ್ ಓದುವವರಿಗೆ ಬೀಗ ಹಾಕಿದ ಮನೆ ಸಿಕ್ಕರೆ ಏನು ಮಾಡುತ್ತಾರೆ? ಹೋದ ತಿಂಗಳ ಅಂಕಿ ನೋಡಿ ಈ ತಿಂಗಳದ್ದು ಅಂದಾಜಿಗೆ ಬರೆಯುತ್ತಾರೆ. ಅವನೂ ತಿಂಡಿ ತಿನ್ನುತ್ತಲೇ ಇಡೀ ದಿನದ ಹಾಳೆ ತುಂಬಿಬಿಟ್ಟ: ಹತ್ತರಿಂದ ಒಂದು, ಬೀದಿ. ಒಂದರಿಂದ ಎರಡು, ಊಟ, ಆಫೀಸು. ಎರಡರಿಂದ ಐದು, ಬೀದಿ. ಇನ್ನೊಂದು ನಂಬಿಕೆಯೂ ಅವನಿಗಿತ್ತು. ಅವನು ಕಂಡ ಮೀಟರುಗಳೆಲ್ಲ ಕೊನೆಗೆ ಒಂದೇ ಮೊತ್ತ ತೋರಿಸುತ್ತಿದ್ದವು; ಯಾವ ನೀರು ಯಾವಾಗ ಹರಿಯಿತೆಂದು ಯಾವ ಮೀಟರೂ ಚಾಡಿ ಹೇಳಿದ್ದಿಲ್ಲ.

ಅವತ್ತು ಮಧ್ಯಾಹ್ನ ಬೈಂಡರ್ ಮಾವ ಎಂದಿನಂತೆ ಊಟ ಮುಗಿಸಿ ಕೋಣೆಯಲ್ಲಿ ಪ್ರೆಸ್ಸಿನ ಪಕ್ಕ ಚಾಪೆ ಹಾಸಿ ಒರಗಿದರು. ಒಳ್ಳೆಯ ನಿದ್ದೆ. ಕನಸಿನಲ್ಲಿ ಒಂದು ಜೇನುಹುಳ ಬಂದು ಬಹಳ ಹೊತ್ತು ಗುಂಯ್‌ಗುಟ್ಟಿತು. ಎದ್ದಾಗ ಯಾರೂ ಇರಲಿಲ್ಲ. ಕುರ್ಚಿಯ ಬಳಿಯಿದ್ದ ಪತ್ತೇದಾರಿ ಕಾದಂಬರಿಯಲ್ಲಿ ಯಾರೋ ಒಂದು ಹಾಳೆಯ ಕಿವಿ ಮಡಚಿದ್ದರು. "ಈ ಲೈಬ್ರರಿ ಓದುಗರ ಕೈ ಮುರಿಯ" ಎಂದು ಬೈದು, ಕಿವಿ ಬಿಡಿಸಿ, ಇಸ್ತ್ರಿ ಮಾಡಿದಂತೆ ಉಜ್ಜಿದರು. ಒಂದೆರಡು ವರ್ಷದಿಂದ ಹೊಲಿಗೆಗೆ ಬರುವ ಪತ್ತೇದಾರಿ ಪುಸ್ತಕಗಳಿಗೆಲ್ಲ ಈ ರೋಗ. ವಿಚಿತ್ರವೆಂದರೆ ಬಂದಾಗ ನೆಟ್ಟಗಿದ್ದ ಹಾಳೆ ಎರಡು ದಿನದಲ್ಲಿ ಮಡಚಿರುತ್ತಿತ್ತು. ತಮಗೇ ಅರಳುಮರಳು ಹಿಡಿಯುತ್ತಿದೆಯೆಂದು ಹೆದರಿ ಅದನ್ನವರು ಯಾರಿಗೂ ಹೇಳಿರಲಿಲ್ಲ.

ಗಾಳಿ ಮೇಡಂ ಮೂರನೆಯ ವರದಿ ತಂದ ದಿನ ಮನೆಯವರೆಲ್ಲ ಹಜಾರದಲ್ಲಿ ಸಾಲಾಗಿ ಕುಳಿತರು. ಅವಳು ಮೇಜಿನ ಮೇಲೆ ಒಂದು ಉದ್ದನೆಯ ಕಾಗದ ಹರಡಿದಳು. ಕಾಗದದುದ್ದಕ್ಕೂ ನೆಲ ಹಿಡಿದು ಹೋದ ಗೆರೆ ಒಂದೇ ಕಡೆ ಗುಡ್ಡವಾಗಿ ಎದ್ದಿತ್ತು.

"ಈ ಪೆಟ್ಟಿಗೆ ನಿಮಿಷ ನಿಮಿಷಕ್ಕೂ ಬರೆದಿಟ್ಕೊಳ್ಳುತ್ತೆ" ಅಂದಳು.

ಅಳಿಯನ ಮುಖ ಬಿಳಿಚಿತು.

"ಎರಡು ಗಂಟೆಯಿಂದ ಮೂರೂವರೆಯವರೆಗೆ ಧೂಳು ಜಾಸ್ತಿ. ಇವರ ಹಾಳೇಲಿ ಆಗ 'ಬೀದಿ' ಅಂತಿದೆ. ಆದ್ರೆ ಕೊಳವೇಲಿ ಸಿಕ್ಕಿದ್ದನ್ನ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಹಿಟ್ಟು. ಒಳ್ಳೇ ನಯವಾದ ಹಿಟ್ಟು." ಅವಳು ಅಳಿಯನ ಕಡೆ ತಿರುಗಿದಳು. "ಬೀದೀಲಿ ಯಾವುದಾದ್ರೂ ಬೇಕರಿಗೆ ಹೋಗಿದ್ರಾ?"

"ಇಲ್ಲ" ಅಂದ ಅಳಿಯ.

"ಹಾಗಿದ್ರೆ ಯಾರ ಮನೆ ಅಡುಗೆಮನೆ?" ಅಂದಳು ಮಗಳು. ಧ್ವನಿ ಮೆತ್ತಗಿತ್ತು. ಔಷಧಿಯ ಜೊತೆ ಅಡ್ಡಪರಿಣಾಮ ಹೇಳುವಾಗಿನ ಮೆತ್ತಗೆ.

"ಅಡುಗೆಮನೆ ಅಲ್ಲ ಕಣೇ..."

"ಒಂದೂವರೆ ಗಂಟೆ! ದಿನಾ ಹೋಗ್ತೀರಾ? ಯಾರವಳು ಹಿಟ್ಟು ನಾದೋಳು? ರೀ, ಕೆಮ್ಮಬೇಡಿ, ಉತ್ತರ ಹೇಳಿ!"

ಬೈಂಡರ್ ಮಾವ ಆ ಗುಡ್ಡವನ್ನೇ ನೋಡುತ್ತಿದ್ದರು. ಎರಡರಿಂದ ಮೂರೂವರೆ. ಅವರ ನಿದ್ದೆಗೂ ಅಷ್ಟೇ ಉದ್ದ, ಅಷ್ಟೇ ಅಗಲ. ಹಿಟ್ಟು. ಜೇನುಹುಳ. ಹಾಳೆಯ ಕಿವಿ.

"ಅಳಿಯಂದ್ರೆ" ಅಂದರು, "ಕೊಲೆ ಮಾಡಿದ್ದು ಯಾರು? ತೋಟದ ಮಾಲಿನಾ?"

ಅಳಿಯ ತಲೆ ತಗ್ಗಿಸಿದ. "ಇನ್ನೂ ಗೊತ್ತಾಗಿಲ್ಲ ಮಾವ. ನಲವತ್ತು ಪುಟ ಬಾಕಿ ಇದೆ."

ಎಲ್ಲ ಹೊರಬಂತು. ಎರಡು ವರ್ಷದಿಂದ ಅವನು ಮಧ್ಯಾಹ್ನದ ಹೊತ್ತು ಹಿತ್ತಲ ಬಾಗಿಲಿಂದ ಬಂದು, ಮಾವ ಗೊರಕೆ ಹಿಡಿದ ಮೇಲೆ ಕಿಟಕಿಯ ಕುರ್ಚಿಯಲ್ಲಿ ಕೂತು, ಹೊಲಿಗೆಗೆ ಬಂದ ಪತ್ತೇದಾರಿ ಕಾದಂಬರಿ ಓದಿ, ಮಾವ ಮಗ್ಗುಲು ಬದಲಿಸುವ ಹೊತ್ತಿಗೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದ. ಊರಿನಲ್ಲಿ ಯಾರೂ ಬಾಗಿಲು ತಟ್ಟದ, ಯಾರೂ ಏನನ್ನೂ ಎಣಿಸದ ಜಾಗ ಅವನಿಗೆ ಅದೊಂದೇ ಇತ್ತು.

ಮಗಳಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಗೆಲುವು. "ಅಲ್ಲಿಗೆ ಇತ್ಯರ್ಥ ಆಯ್ತು! ದಿನಾ ಒಂದೂವರೆ ಗಂಟೆ ಆ ಬೂಷ್ಟಲ್ಲಿ ಕೂತ್ರೆ ಕೆಮ್ಮದೆ ಇನ್ನೇನು ಮಾಡ್ತಾರೆ? ಅಪ್ಪ, ಗುಜರಿಯವನಿಗೆ ಹೇಳ್ಲಾ?"

"ತಡಿ, ತಡಿ." ಬೈಂಡರ್ ಮಾವ ಎದ್ದು ನಿಂತರು. ಸಂದಿಗೆ ಸಿಕ್ಕಿದ ಬೆಕ್ಕಿನ ಜಾಣತನ ಬಂದಿತ್ತು ಅವರಿಗೆ. "ಅಳಿಯಂದ್ರೆ, ನನ್ನ ಕೋಣೇಲಿ ಕೂತಾಗ ಯಾವತ್ತಾದ್ರೂ ಕೆಮ್ಮಿದೀರಾ?"

ಅಳಿಯ ಯೋಚಿಸಿದ. "ಇಲ್ಲ ಮಾವ."

"ಹೇಗೆ ಕೆಮ್ತಾರೆ? ಕೆಮ್ಮಿದ್ರೆ ನನಗೆ ಎಚ್ಚರ ಆಗ್ತಿರಲಿಲ್ವಾ? ಎರಡು ವರ್ಷ ನನ್ನ ನಿದ್ದೆ ಕೆಟ್ಟಿಲ್ಲ. ಇದಕ್ಕಿಂತ ದೊಡ್ಡ ಅಳತೆ ಬೇಕೇನಮ್ಮಾ ನಿಮಗೆ?"

ಗಾಳಿ ಮೇಡಂಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಿದೆ. ಆದ್ರೆ ಕೆಲವರಿಗೆ ಈಗ ಉಸಿರಾಡಿದ್ದಕ್ಕೆ ನಾಲ್ಕಾರು ಗಂಟೆ ಬಿಟ್ಟು ಕೆಮ್ಮು ಬರುತ್ತೆ. ಇನ್ನೂ ಒಂದು ಮಾತು." ಅವಳು ಮಗಳ ಕಡೆ ತಿರುಗಿದಳು. "ನಿಮ್ಮ ಕ್ಯಾಲೆಂಡರಲ್ಲಿ ಬೆಳಿಗ್ಗೆ ಇದೆ, ಸಂಜೆ ಇದೆ. ನೀವು ಅಂಗಡೀಲಿದ್ದಾಗಿನ ಕೆಮ್ಮು ಎಲ್ಲಿ?"

ಮಗಳು ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು.

"ಒಂದೇ ಪ್ರಶ್ನೆ ಕೇಳ್ತೀನಿ" ಎಂದು ಗಾಳಿ ಮೇಡಂ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಬೆಳಿಗ್ಗೆ ಹದಿನೇಳು ಸಲ ಕೆಮ್ಮೋ ಮುಂಚೆ ಇವರು ಎಲ್ಲಿ ಮಲಗಿರ್ತಾರೆ?"

ಗಂಡಹೆಂಡತಿಯ ಮಲಗುವ ಕೋಣೆಯನ್ನು ಈವರೆಗೆ ಯಾರೂ ಅಳೆದಿರಲಿಲ್ಲ. ಅದು ಮಗಳ ಕೋಣೆ, ಅಲ್ಲಿ ಎಲ್ಲ ಒಪ್ಪವಾಗಿತ್ತು. ಗಾಳಿ ಮೇಡಂ ಯಾವ ಯಂತ್ರವನ್ನೂ ಒಯ್ಯಲಿಲ್ಲ. ಮಧ್ಯದಲ್ಲಿ ನಿಂತು ಎರಡು ಸಲ ಮೂಗೆಳೆದಳು, ಹೊರಗೋಡೆಗೆ ಅಂಗೈ ಆನಿಸಿದಳು, ನೇರ ಹೋಗಿ ಮಗಳ ದೊಡ್ಡ ಬೀರುವನ್ನು ಹಿಡಿದಳು. ನಾಲ್ವರೂ ಸೇರಿ ಬೀರು ಎಳೆದರು. ಹಿಂದಿನ ಗೋಡೆಯ ಮೇಲೆ ಒಂದು ಕಪ್ಪು ಭೂಪಟವಿತ್ತು. ಖಂಡಗಳು, ದ್ವೀಪಗಳು, ಒಂದೆರಡು ಹೊಸ ದೇಶಗಳೂ ಹುಟ್ಟುತ್ತಿದ್ದವು.

ಮಾವನಿಗೆ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಕುಣಿಯುತ್ತಿದ್ದವು. ಮಗಳ ಮುಖ ನೋಡಿ ಒಂಬತ್ತನ್ನು ನುಂಗಿದರು.

"ಇದೂ ವಿದ್ಯೆ ಇರಬಹುದು" ಅಂದರು.

"ಸುಮ್ನಿರಪ್ಪ" ಅಂದಳು ಮಗಳು, ಆದರೆ ಮೊದಲಿನ ಖಾರವಿರಲಿಲ್ಲ.

"ಹಾಗಾದ್ರೆ ಇದೇ ಕಾರಣ ಅಂತಾಯ್ತಲ್ಲ?" ಅಂದ ಅಳಿಯ ಆಸೆಯಿಂದ.

"ಆಗಿರಬಹುದು" ಅಂದಳು ಗಾಳಿ ಮೇಡಂ. ಮಗಳು ಬೀರುವಿಗೆ ಹಣೆ ಒರಗಿಸಿಕೊಂಡಳು. ಗಾಳಿ ಮೇಡಂ ಮುಂದುವರಿಸಿದಳು. "ಈಗ ಕೇಳಿ. ಬೀರು ಗೋಡೆಯಿಂದ ಒಂದು ಗೇಣು ದೂರ ಇಡಿ, ಆ ಗೋಡೆ ಯಾಕೆ ನೆನೀತಿದೆ ನೋಡಿಸಿ, ಒರೆಸಿ ಒಣಗಿಸಿ. ಯಜಮಾನ್ರೆ, ನೀವು ನೆನೆದ ಪುಸ್ತಕಾನ ಹೊರಗೆ ಒಣಗಿಸದೆ ಒಳಗೆ ತರಬೇಡಿ, ಅಂಟು ದಿನದಿನಕ್ಕೆ ಎಷ್ಟು ಬೇಕೋ ಅಷ್ಟೇ ಕಾಯಿಸಿ, ಕಿಟಕಿ ತೆಗೀರಿ. ಆದ್ರೆ ದಯವಿಟ್ಟು ಎಲ್ಲಾ ಒಟ್ಟಿಗೆ ಮಾಡಬೇಡಿ. ವಾರಕ್ಕೊಂದು ಮಾಡಿ. ಆಗ ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗುತ್ತೆ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶುರುಮಾಡಿ ಮಧ್ಯಾಹ್ನ ಎರಡರೊಳಗೆ ಅವರು ಎಲ್ಲವನ್ನೂ ಒಟ್ಟಿಗೆ ಮಾಡಿ ಮುಗಿಸಿದರು. ಅದು ಸಾಲದೆಂದು ಅಳಿಯನ ದಿಂಬು ಬದಲಾಯಿತು, ಹುಳಿತೇಗಿಗೆ ಮಾತ್ರೆ ಶುರುವಾಯಿತು, ಅದೇ ವಾರ ಹೊರಗೆ ಬಿಸಿಲೂ ಬಂತು. ಇಪ್ಪತ್ತು ದಿನದಲ್ಲಿ ಕ್ಯಾಲೆಂಡರಿನ ಬೆಳಗಿನ ಅಂಕಿ ಹದಿನೇಳರಿಂದ ನಾಲ್ಕಕ್ಕೆ ಇಳಿಯಿತು. ಫೋನಿನಲ್ಲಿ ಸುದ್ದಿ ಕೇಳಿದ ಗಾಳಿ ಮೇಡಂ ಸಂತೋಷಪಟ್ಟಳೋ ತಲೆ ಚಚ್ಚಿಕೊಂಡಳೋ ತಿಳಿಯಲಿಲ್ಲ. "ಯಾವುದರಿಂದ ಅಂತ ಈಗ ಆ ಬ್ರಹ್ಮನೂ ಹೇಳಲಾರ" ಎಂದಷ್ಟೇ ಅಂದಳು. ಅಂಟಿನಿಂದ ಎಂದು ಮಗಳು, ಬೀರುವಿನಿಂದ ಎಂದು ಮಾವ, ಇಬ್ಬರೂ ಅವರವರ ಗೆಲುವನ್ನು ಅವರವರೇ ಇಟ್ಟುಕೊಂಡರು. ಯಾರ ಕಡೆಗೂ ಫಲಿತಾಂಶ ಬಾರದ ಕಾರಣ ಪ್ರೆಸ್ಸು ಇದ್ದಲ್ಲೇ ಇತ್ತು. ಆದರೆ ಮಗಳು ಒಂದು ಮಾತು ಹೇಳಿಯೇ ಇಟ್ಟಿದ್ದಳು: "ಆ ಕೋಣೇಲಿ ಇವರು ಒಂದೇ ಒಂದು ಸಲ ಕೆಮ್ಮಿದ್ರೂ ಮತ್ತೆ ಗುಜರಿ ಮಾತು ಬರುತ್ತೆ ಅಪ್ಪ. ಅವತ್ತು ನೀನೇ ಕೊಟ್ಟ ಸಾಕ್ಷಿ ಅದು."

ಈಗ ಅಳಿಯ ಹಿತ್ತಲಿಂದಲ್ಲ, ಮುಂಬಾಗಿಲಿಂದಲೇ ಬರುತ್ತಿದ್ದ. ಮಾವ ಊಟವಾದ ಮೇಲೆ ಅವನಿಗಾಗಿ ಕುರ್ಚಿಯ ಮೇಲೆ ಪುಸ್ತಕ ತೆಗೆದಿಡುತ್ತಿದ್ದರು, ಒಳಗೆ ಕೆಂಪು ದಾರದ ಗುರುತು ಇಟ್ಟು. ಹಾಳೆಯ ಕಿವಿ ಮಡಚಿದರೆ ಮಾತ್ರ ಮಾವ ಅಳಿಯ ಎಂಬ ಸಂಬಂಧ ಉಳಿಯುವುದಿಲ್ಲ ಎಂದು ಎಚ್ಚರಿಸಿದ್ದರು.

ಒಂದು ರಜೆಯ ಮಧ್ಯಾಹ್ನ. ಮಗಳು ಪಕ್ಕದ ಹಜಾರದಲ್ಲೇ ಬಟ್ಟೆ ಮಡಚುತ್ತಿದ್ದಳು. ಮಾವ ಕಿಟಕಿಯ ಕೆಳಗೆ ಚಾಪೆಯ ಮೇಲೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಇನ್ನೂ ಹತ್ತಿರಲಿಲ್ಲ. ಗಾಳಿಗೆ ಹಾಕಿಕೊಂಡಿದ್ದ ಕಿಟಕಿಯ ಪಕ್ಕದಲ್ಲಿ ಅಳಿಯ, ಇಷ್ಟು ದಿನ ಪ್ರೆಸ್ಸಿನಲ್ಲಿ ಸಿಕ್ಕಿದ್ದ ಆ ಮಾಲಿಯ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದ್ದ. ಹಾಳೆ ತಿರುಗಿದ ಸದ್ದು. ಆಮೇಲೆ, ಸಣ್ಣದಾಗಿ, ಅಂಗೈಯೊಳಗೆ ಹಿಡಿದುಕೊಂಡ ಒಂದು ಕೆಮ್ಮು.

ಹಜಾರದಲ್ಲಿ ಬಟ್ಟೆ ಕೊಡವುವ ಸದ್ದು ನಿಂತಿತು.

ಬೈಂಡರ್ ಮಾವ ಕಣ್ಣು ತೆರೆಯಲಿಲ್ಲ. ಮನೆಯ ಗೋಡೆ ಅದುರುವ ಹಾಗೆ ಒಂದು ಗೊರಕೆ ಎಳೆದರು. ಅದರ ಬೆನ್ನಿಗೆ, ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ, ತಾವೇ ಎರಡು ಸಲ ಕೆಮ್ಮಿದರು.

"ಅಪ್ಪ? ಕೆಮ್ಮಿದ್ದು ನೀನಾ?" ಹಜಾರದಿಂದ ಮಗಳ ದನಿ.

"ಇನ್ಯಾರೇ? ಕನಸಲ್ಲಿ ನೀರು ನೆತ್ತಿಗೇರ್ತು."

ಬಟ್ಟೆ ಕೊಡವುವ ಸದ್ದು ಮತ್ತೆ ಶುರುವಾಯಿತು. ಮಾವ ಮಲಗಿದ್ದಲ್ಲಿಂದಲೇ ಕಾಲು ಚಾಚಿ, ಹೆಬ್ಬೆರಳಿನಿಂದ ಕಿಟಕಿಯ ರೆಕ್ಕೆಯನ್ನು ಪೂರ್ತಿ ಹೊರಕ್ಕೆ ತಳ್ಳಿದರು.

"ಕುರ್ಚಿ ಈ ಕಡೆ ಎಳ್ಕೊಳ್ಳಿ, ಗಾಳಿಗೆ" ಎಂದು ಪಿಸುಗುಟ್ಟಿದರು. "ಮೂಗಿಗೊಂದು ಬಟ್ಟೆ ಕಟ್ಕೊಳ್ಳಿ. ನಾಳೆಯಿಂದ ಪುಸ್ತಕಾನ ಅಂಗಳದಲ್ಲೇ ಓದಿ, ನಾನೂ ಚಾಪೆ ಅಲ್ಲಿಗೇ ತರ್ತೀನಿ. ಈಗ ಹೇಳಿ, ಮಾಲಿನೇ ತಾನೇ?"

"ಅಲ್ಲ ಮಾವ" ಎಂದು ಅಳಿಯನೂ ಪಿಸುಗುಟ್ಟಿದ, ಕಣ್ಣಲ್ಲಿ ನೀರು ತುಂಬಿಕೊಂಡು, ಕೆಮ್ಮು ತಡೆದು. "ಡಾಕ್ಟರು."